ಹೊಳೆ ಹಿಂದಕ್ಕೂ ಕೊರೆಯುತ್ತದೆ

ದಾವಣಗೆರೆಗೆ ಬಂದವರು ಬೆಣ್ಣೆದೋಸೆ ತಿಂದು, ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಹಿಂದಿರುಗುತ್ತಾರೆ. ನೀವೂ ಹಾಗೆಯೇ ಮಾಡಿರಬಹುದು. ಆದರೆ ಆ ಮಂಡಕ್ಕಿ ಹುಟ್ಟುವ ಜಾಗವನ್ನು ನೋಡಿದವರು ಕಡಿಮೆ. ಮುಂದಿನ ಸಲ ಬಂದಾಗ ಒಂದು ಆಟೋ ಹಿಡಿದು 'ಮಂಡಕ್ಕಿ ಭಟ್ಟಿ' ಎನ್ನಿ. ಆಟೋದವನು ಎರಡನೇ ಮಾತು ಕೇಳುವುದಿಲ್ಲ. ಬೆಳಗಿನ ಜಾವವೇ ಎದ್ದು ಹೊಗೆ, ಬೂದಿ, ಝಳದ ನಡುವೆ ದುಡಿಯುವ ಗಂಡಸರು ಹೆಂಗಸರು ಅಲ್ಲಿ ಕಾಣುತ್ತಾರೆ. ನಮ್ಮವರ ಎಷ್ಟೋ ಮನೆಗಳ ಒಲೆ ಉರಿಯುವುದು ಈ ಭಟ್ಟಿಗಳ ಕೂಲಿಯಿಂದ.

ಅಲ್ಲಿ ಒಂದು ಸಂಗತಿಯನ್ನು ಗಮನಿಸಿ. ಅಕ್ಕಿ ಅರಳುವುದು ಎಣ್ಣೆಯಲ್ಲಲ್ಲ, ಬರಿಯ ಬಾಣಲೆಯಲ್ಲೂ ಅಲ್ಲ. ಉಪ್ಪುನೀರು ಕುಡಿದ ಅಕ್ಕಿಯನ್ನು ಕೆಂಡದಂತೆ ಕಾದ ಮರಳಿಗೆ ಸುರಿಯುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಚಟಪಟ ಸದ್ದಾಗಿ ಬೆಳ್ಳಗೆ ಉಬ್ಬುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಅದೇ ಮರಳು ಮತ್ತೆ ಬಾಣಲೆಗೆ. ಒಂದು ಹಿಡಿ ಮರಳು ಎಷ್ಟು ಸಲ ಕೆಲಸಕ್ಕೆ ಬರುತ್ತದೆಂದು ನಾನು ಒಮ್ಮೆ ಕೇಳಿದ್ದೆ. ಭಟ್ಟಿಯ ಆಪಾ ನಕ್ಕು, "ಮರಳು ಎಲ್ಲಿ ಸವೆಯುತ್ತೆ ಮೇಡಂ, ನಾವು ಸವೀತೀವಿ" ಎಂದರು.

ಭಟ್ಟಿಗೆ ಬೇಕಾದದ್ದು ಕೆಲವು ಬುಟ್ಟಿ ಮರಳು. ಊರು ಕಟ್ಟಲು ಬೇಕಾದದ್ದು ಸಾವಿರಾರು ಲಾರಿ. 1997ರಲ್ಲಿ ದಾವಣಗೆರೆ ಜಿಲ್ಲಾ ಕೇಂದ್ರವಾದ ಮೇಲೆ ಬಡಾವಣೆಗಳ ಮೇಲೆ ಬಡಾವಣೆಗಳು ಎದ್ದವು. ಆ ಗೋಡೆಗಳ ಗಾರೆಗೆ, ತಾರಸಿಗೆ ಮರಳು ಬಂದದ್ದು ಹೆಚ್ಚಾಗಿ ತುಂಗಭದ್ರೆಯಿಂದ. ನನ್ನ ಮನೆಯೂ ಅವುಗಳಲ್ಲಿ ಒಂದು. ಈ ಬರಹ ಆ ಮರಳಿನ ಬಗ್ಗೆ, ಅದರ ಜೊತೆಗೆ ಒಂದು ಪದದ ಬಗ್ಗೆ. ಆ ಪದವನ್ನು ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ವರ್ಷ ವರ್ಷವೂ ಕಲಿಸಿದೆ. ಅರ್ಥ ಮಾಡಿಕೊಂಡದ್ದು ಬಹಳ ತಡವಾಗಿ.

ಬನ್ನಿ, ಹರಿಹರಕ್ಕೆ ಹೋಗೋಣ. ದೂರವೇನಿಲ್ಲ, ಹದಿನಾಲ್ಕು ಕಿಲೋಮೀಟರು. ದೊಡ್ಡಬಾತಿಯ ಕೆರೆ, ಗುಡ್ಡ ದಾಟಿದರೆ ಭತ್ತದ ಗದ್ದೆಗಳ ಹಸಿರು. ಇದು ಭದ್ರಾ ನಾಲೆಯ ಕೃಪೆ. ಹರಿಹರ ಮುಗಿಯುವಲ್ಲಿ ಹೊಳೆ. ಆಚೆ ದಡ ಹಾವೇರಿ ಜಿಲ್ಲೆ, ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣ. 1868ರಲ್ಲೇ ಇಲ್ಲಿ ಹೊಳೆಗೆ ಸೇತುವೆ ಕಟ್ಟಿ ಬೆಂಗಳೂರು ಧಾರವಾಡ ರಸ್ತೆಯನ್ನು ಜೋಡಿಸಿದ್ದರು. ನಮ್ಮ ನಾನಿಯ ಮನೆ ಹೊಳೆಗೆ ಹತ್ತಿರದಲ್ಲಿತ್ತು. ಈದ್ ದಿನ ಶೀರ್ ಖುರ್ಮಾ ಕುಡಿದು ಮಕ್ಕಳೆಲ್ಲ ಓಡುತ್ತಿದ್ದುದು ಮರಳಿನ ದಿಬ್ಬಕ್ಕೆ. ಬೇಸಿಗೆಯಲ್ಲಿ ಹೊಳೆ ಎರಡು ಮೂರು ಸೀಳಾಗಿ ಹರಿಯುತ್ತಿತ್ತು, ನಡುವೆಲ್ಲ ಬಿಳಿಯ ಮರಳು. ಕೈಯಲ್ಲಿ ಒಂದು ಮೊಳ ತೋಡಿದರೆ ತಿಳಿನೀರು ಜಿನುಗುತ್ತಿತ್ತು. ಅದನ್ನೇ ಬೊಗಸೆಯಲ್ಲಿ ಕುಡಿಯುತ್ತಿದ್ದೆವು.

ನಾನಿ ಮಾತಾಡುತ್ತಿದ್ದುದು ದಖನಿ ಉರ್ದು. ಮಳೆಗಾಲದಲ್ಲಿ ದಡ ಕುಸಿದರೆ "ಕಟಾವ್ ಹೋರಾ" ಎನ್ನುತ್ತಿದ್ದರು. ಕಟಾವ್ ಎಂದರೆ ಕತ್ತರಿಸುವುದು, ಹೊಳೆ ದಡವನ್ನು ಕತ್ತರಿಸುವುದು. ಶಾಲೆಗೆ ಹೋದರೆ ಅದೇ ಪದ ಬೇರೆ ವೇಷದಲ್ಲಿ ಎದುರಾಗುತ್ತಿತ್ತು. ಕನ್ನಡದಲ್ಲಿ ಕಟಾವು ಎಂದರೆ ಭತ್ತದ ಕೊಯ್ಲು, ಕಬ್ಬಿನ ಕೊಯ್ಲು. ಒಂದೇ ಪದಕ್ಕೆ ಮನೆಯಲ್ಲಿ ನಷ್ಟದ ಅರ್ಥ, ಗದ್ದೆಯಲ್ಲಿ ಲಾಭದ ಅರ್ಥ. ಚಿಕ್ಕವಳಿದ್ದಾಗ ಇದು ನನಗೆ ಬರೀ ತಮಾಷೆಯಾಗಿತ್ತು.

ಈಗ ಪಾಠದ ಪದಕ್ಕೆ ಬರುತ್ತೇನೆ. ಇಂಗ್ಲಿಷಿನಲ್ಲಿ 'ಹೆಡ್‌ವರ್ಡ್ ಇರೋಷನ್' ಎನ್ನುತ್ತಾರೆ. ನದಿಯ ತಲೆಯ ಕಡೆಗೆ, ಅಂದರೆ ಮೂಲದ ಕಡೆಗೆ ಸಾಗುವ ಕೊರೆತ ಎಂದರ್ಥ. ನದಿಗೆ ತಲೆಯಿದೆ ಎಂಬುದು ನಮಗೆ ಹೊಸತಲ್ಲ, ತಲಕಾವೇರಿ ಎಂಬ ಹೆಸರೇ ಇದೆಯಲ್ಲ! ಸ್ಪ್ಯಾನಿಷ್ ಮಾತಾಡುವ ದೇಶಗಳಲ್ಲಿ 'ಎರೋಸಿಯೋನ್ ರೆಗ್ರೆಸೀವ' ಎಂದರೆ ಹಿಂದಕ್ಕೆ ಹೋಗುವ ಸವೆತ. ತರಗತಿಯಲ್ಲಿ ನಾನು 'ಹಿಮ್ಮುಖ ಸವೆತ' ಎಂದು ಬರೆಸುತ್ತಿದ್ದೆ.

ಪದ ಬರೆಸುವುದು ಸುಲಭ. ಉತ್ತರ ಪತ್ರಿಕೆ ತಿದ್ದುವಾಗ ಗೊತ್ತಾಗುತ್ತದೆ ಮಕ್ಕಳ ತಲೆಗೆ ಹೋದದ್ದೇನು ಎಂದು. ಪ್ರತಿ ವರ್ಷ ನಾಲ್ಕಾರು ಮಕ್ಕಳಾದರೂ "ನದಿಯು ಹಿಂದಕ್ಕೆ ಹರಿಯುವುದಕ್ಕೆ ಹಿಮ್ಮುಖ ಸವೆತ ಎನ್ನುವರು" ಎಂದು ಬರೆಯುತ್ತಿದ್ದರು. ಅವರ ತಪ್ಪಲ್ಲ. ಹಿಮ್ಮುಖ ಎಂದರೆ ಬಸ್ಸು ರಿವರ್ಸ್ ಬರುವ ಚಿತ್ರವೇ ಕಣ್ಣಿಗೆ ಬರುತ್ತದೆ. ನೀರು ಎಂದೂ ಹಿಂದಕ್ಕೆ ಹರಿಯುವುದಿಲ್ಲ. ನೀರು ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಅದು ಮಾಡಿದ ಗಾಯ ಮಾತ್ರ ಹಿಂದಕ್ಕೆ ಹತ್ತುತ್ತದೆ. ಇನ್ನು ಕೆಲವರು ಪ್ರವಾಹ ಬಂದು ದಡ ಕೊಚ್ಚಿಹೋದ ಪ್ರತಿಯೊಂದು ಪ್ರಸಂಗಕ್ಕೂ ಈ ಪದ ಬಳಸುತ್ತಾರೆ. ಅದೂ ಸರಿಯಲ್ಲ. ದಡ ಕೊಚ್ಚುವುದು ಪಕ್ಕದ ಕೊರೆತ. ಕರಾವಳಿಯ ಓದುಗರಿಗೆ ಗೊತ್ತಿರುವ ಕಡಲ್ಕೊರೆತ ಎದುರಿನಿಂದ ಬಂದು ಬಡಿಯುವಂಥದು. ನಾನು ಹೇಳುತ್ತಿರುವುದು ಹೊಳೆಯ ತಳದಲ್ಲಿ ಒಂದು ಮೆಟ್ಟಿಲಾಗಿ ಹುಟ್ಟಿ, ಆ ಮೆಟ್ಟಿಲೇ ಮೇಲಕ್ಕೆ ನಡೆದು ಹೋಗುವಂಥದು.

ನನಗೆ 'ಸವೆತ' ಎಂಬ ಪದದ ಬಗ್ಗೆಯೇ ಅಸಮಾಧಾನವಿದೆ. ಸವೆಯುವುದು ಚಪ್ಪಲಿ, ನಾಣ್ಯ, ಮೆಟ್ಟಿಲ ಅಂಚು. ಅದರಲ್ಲಿ ಒಂದು ನಿಧಾನವಿದೆ, ಯಾರ ಮೇಲೂ ದೂರಿಲ್ಲ. 'ಕೊರೆತ' ಹಾಗಲ್ಲ. ಬೋರ್ ಕೊರೆಸುತ್ತೇವೆ, ಭತ್ತಕ್ಕೆ ಕಾಂಡಕೊರಕ ಬೀಳುತ್ತದೆ, ಚಳಿ ಕೊರೆಯುತ್ತದೆ, ಚಿಂತೆ ಕೊರೆಯುತ್ತದೆ. ಮಾತು ಮುಗಿಸದ ನೆಂಟರ ಬಗ್ಗೆ "ಏನು ಕೊರೆತ ಮಾರಾಯ್ರೇ" ಎನ್ನುವುದೂ ಉಂಟು. (ಈ ಬರಹದ ಬಗ್ಗೆಯೂ ನೀವು ಹಾಗೆನ್ನುವ ಮೊದಲು ಮುಂದಕ್ಕೆ ಹೋಗುತ್ತೇನೆ.) ಹಿಂಗಾಲು, ಹಿಂಗಾರು ಇರುವಂತೆ 'ಹಿಂಗೊರೆತ' ಎಂದರೆ ಹೇಗೆ? ನಿಘಂಟಿನಲ್ಲಿ ಹುಡುಕಬೇಡಿ, ನಾನೇ ಕಟ್ಟಿಕೊಂಡ ಪದ. ಈ ಬರಹದ ಮಟ್ಟಿಗೆ ನಡೆಯಲಿ.

ಹಿಂಗೊರೆತವನ್ನು ನೋಡಲು ನಯಾಗರಾಕ್ಕೆ ಹೋಗಬೇಕಾಗಿಲ್ಲ. ಆದರೆ ನಾನು ಪಾಠ ಮಾಡುತ್ತಿದ್ದುದು ನಯಾಗರಾ ಜಲಪಾತವನ್ನು ಹಿಡಿದೇ. ಮೇಲೆ ಗಟ್ಟಿ ಕಲ್ಲು, ಕೆಳಗೆ ಮೆದು ಕಲ್ಲು. ಬೀಳುವ ನೀರು ಕೆಳಗಿನದನ್ನು ತಿನ್ನುತ್ತದೆ, ಮೇಲಿನದು ಕುಸಿಯುತ್ತದೆ, ಜಲಪಾತ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಹೀಗೆ ಸುಮಾರು 12,000 ವರ್ಷಗಳಲ್ಲಿ ಅದು ಸುಮಾರು 11 ಕಿಲೋಮೀಟರು ಹಿಂದೆ ಬಂದಿದೆ. ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮೆಟ್ಟಿಲು ಬರೆದು, ಬಾಣದ ಗುರುತನ್ನು ಮೇಲ್ಮುಖವಾಗಿ ಎಳೆಯುತ್ತಿದ್ದೆ. ಮಕ್ಕಳು ಅಚ್ಚುಕಟ್ಟಾಗಿ ಬರೆದುಕೊಳ್ಳುತ್ತಿದ್ದರು. ಐದು ಅಂಕದ ಪ್ರಶ್ನೆ.

ನಮ್ಮ ಪಶ್ಚಿಮ ಘಟ್ಟದ ಉದಾಹರಣೆ ಇನ್ನೂ ಸೊಗಸಾದದ್ದು. ಹರಿಹರದ ಸೇತುವೆಯ ಕೆಳಗೆ ಹರಿಯುವ ನೀರಿನ ಹುಟ್ಟು ಕುದುರೆಮುಖದ ಕಡೆಯ ಗಂಗಾಮೂಲದಲ್ಲಿ. ಅಲ್ಲಿಂದ ಅರಬ್ಬಿ ಸಮುದ್ರ ನೇರ ದೂರದಲ್ಲಿ ನೂರು ಕಿಲೋಮೀಟರೂ ಇಲ್ಲ. ಆದರೂ ತುಂಗೆ, ಭದ್ರೆ ಎರಡೂ ಸಮುದ್ರಕ್ಕೆ ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಡುತ್ತವೆ. ಶಿವಮೊಗ್ಗದ ಬಳಿ ಕೂಡ್ಲಿಯಲ್ಲಿ ಸೇರಿ, ಹರಿಹರ ದಾಟಿ, ಕೃಷ್ಣೆಯನ್ನು ಕೂಡಿಕೊಂಡು ಬಂಗಾಳ ಕೊಲ್ಲಿಗೆ ಹೋಗುತ್ತವೆ. ಅದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಲ್ಲಿ ಹುಟ್ಟುವ ನೇತ್ರಾವತಿ ಮಾತ್ರ ಮಂಗಳೂರಿನ ಕಡೆಗೆ ಧುಮುಕುತ್ತದೆ. ಪಶ್ಚಿಮಕ್ಕೆ ಹರಿಯುವ ಹೊಳೆಗಳಿಗೆ ದಾರಿ ಚಿಕ್ಕದು, ಇಳಿಜಾರು ಕಡಿದು. ಹಾಗಾಗಿ ಅವುಗಳ ಹಲ್ಲು ಹರಿತ. ಘಟ್ಟದ ಗೋಡೆಯನ್ನು ಅವು ಲಕ್ಷಾಂತರ ವರ್ಷಗಳಿಂದ ಹಿಂದಕ್ಕೆ ಕೊರೆಯುತ್ತಲೇ ಬಂದಿವೆ. ಹೀಗೆ ಕೊರೆಯುತ್ತಾ ಹೋದ ಹೊಳೆ ಬೆಟ್ಟದಾಚೆಯ ಇನ್ನೊಂದು ಹೊಳೆಯನ್ನು ಮುಟ್ಟಿದರೆ ಅದರ ನೀರನ್ನೇ ತನ್ನ ಕಡೆ ಎಳೆದುಕೊಳ್ಳುತ್ತದೆ. ಇದಕ್ಕೆ ನದಿ ಅಪಹರಣ ಎಂದು ಹೆಸರು. ಶರಾವತಿ ಒಂದು ಕಾಲಕ್ಕೆ ಪೂರ್ವಕ್ಕೆ ಹರಿಯುತ್ತಿತ್ತು, ಪಶ್ಚಿಮದ ಹೊಳೆಯೊಂದು ಹಿಂದಕ್ಕೆ ಕೊರೆದು ಬಂದು ಅದನ್ನು ಎಳೆದುಕೊಂಡಿತು ಎಂಬುದು ಹಲವು ಭೂವಿಜ್ಞಾನಿಗಳ ಅಭಿಪ್ರಾಯ. ಜೋಗದ 253 ಮೀಟರ್ ಎತ್ತರದ ಜಲಪಾತದ ಮುಂದೆ ನಿಂತಾಗ ಇದನ್ನು ನೆನೆಸಿಕೊಳ್ಳಿ.

ಇವೆಲ್ಲ ಸಾವಿರ, ಲಕ್ಷ ವರ್ಷಗಳ ಲೆಕ್ಕ. ಅದರಿಂದಲೇ ನಾನು ಮೋಸ ಹೋದೆ. ಇದು ಬೆಟ್ಟದ, ಬಂಡೆಯ, ಭೂಮಿಯ ಚರಿತ್ರೆಯ ಸಂಗತಿ ಎಂದುಕೊಂಡಿದ್ದೆ. ಮರಳಿನ ಹೊಳೆಯಲ್ಲಿ ಇದೇ ಕೆಲಸ ಎರಡು ಮಳೆಗಾಲದಲ್ಲಿ ಆಗಬಹುದೆಂದು ಹೊಳೆಯಲಿಲ್ಲ.

2005ರಲ್ಲಿ ನಾವು ದಾವಣಗೆರೆಯಲ್ಲಿ ಮನೆ ಕಟ್ಟಲು ಹೊರಟೆವು. ಒಳ್ಳೆಯ ಮರಳು ಬೇಕೆಂದಾಗ ನೆನಪಾದದ್ದು ಹರಿಹರದ ಮಾಮು. ಅವರ ಜಮೀನು ಹೊಳೆದಂಡೆಯಲ್ಲೇ ಇತ್ತು. ಊರಿನ ಹೆಸರು ಬೇಡ. ನಾಲ್ಕು ಎಕರೆಯಲ್ಲಿ ಒಂದಿಷ್ಟು ತೆಂಗು, ಉಳಿದದ್ದು ಭತ್ತ, ಹೊಳೆಯಂಚಿಗೆ ಪಂಪ್‌ಸೆಟ್ಟಿನ ಪುಟ್ಟ ಮನೆ. ಅವರ ಜಮೀನಿನಿಂದ ಅರ್ಧ ಕಿಲೋಮೀಟರು ಕೆಳಗೆ ಆ ವರ್ಷ ಮರಳು ತೆಗೆಯುತ್ತಿದ್ದರು. ಮಾಮು ತಾವೇ ಹೋಗಿ, ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ ನೋಡಿ, ಮಣ್ಣು ಅಂಟಲಿಲ್ಲವೆಂದು ಖಾತ್ರಿ ಮಾಡಿಕೊಂಡು ಲಾರಿ ಕಳಿಸಿದರು. ನಮ್ಮ ಮೇಸ್ತ್ರಿ ಆ ಮರಳನ್ನು ನೋಡಿ ತಲೆದೂಗಿದ.

ಮನೆ ನೋಡಲು ಬಂದಿದ್ದ ಮಾಮುವನ್ನು ನನ್ನ ಯಜಮಾನರು ಕೇಳಿದರು, "ಅಷ್ಟೊಂದು ತೆಗೀತಾ ಇದಾರಲ್ಲ ಮಾಮೂ, ನಿಮ್ಮ ಜಮೀನಿಗೆ ಏನೂ ತೊಂದರೆ ಇಲ್ಲವಾ?"

ಮಾಮು ಚಹಾದ ಬಸಿ ಕೆಳಗಿಟ್ಟು ಹೇಳಿದರು, "ಹೊಳೆ ಕೆಳಕ್ಕೆ ಹರಿಯುತ್ತೆ ಬೇಟಾ. ಗುಂಡಿ ನಮ್ಮ ಕೆಳಗಿದೆ. ತೊಂದರೆ ಆದರೆ ಅವರ ಕೆಳಗಿನವರಿಗೆ. ನಮಗೇನು?"

ಪಕ್ಕದಲ್ಲೇ ಕುಳಿತಿದ್ದೆ ನಾನು. ನಯಾಗರಾದ ಬಾಣವನ್ನು ಮೇಲ್ಮುಖವಾಗಿ ಎಳೆಯುತ್ತಿದ್ದ ಶಿಕ್ಷಕಿ. ಹೌದು ಮಾಮೂ, ಸರಿ ಎಂದೆ.

ಮರುವರ್ಷ ಮಳೆ ಕಳೆದು ನೀರು ಇಳಿದಾಗ ಮಾಮು ಮೊದಲು ಗಮನಿಸಿದ್ದು ಒಂದು ಸದ್ದನ್ನು. ಅವರ ತೋಟದ ಎದುರು ಹೊಳೆ ಎಂದೂ ಸದ್ದು ಮಾಡಿದ್ದಿಲ್ಲ. ಈಗ ಸ್ವಲ್ಪ ಕೆಳಗೆ ಜುಳುಜುಳು ಎನ್ನುತ್ತಿತ್ತು. ಹೋಗಿ ನೋಡಿದರೆ ಮರಳಿನ ತಳದಲ್ಲಿ ಮೊಣಕಾಲೆತ್ತರದ ಒಂದು ಮೆಟ್ಟಿಲು, ಅದರ ಮೇಲಿಂದ ನೀರು ಜಾರುತ್ತಿತ್ತು. ದನಗಳು ದಾಟುತ್ತಿದ್ದ ಜಾಗ ಆಳವಾಗಿತ್ತು. 2007ರ ಮಳೆಗಾಲದಲ್ಲಿ ದಡ ಬಾಯಿಬಿಟ್ಟಿತು. ಒಂದು ರಾತ್ರಿ ಪಂಪಿನ ಮನೆ, ಅದರ ಪಕ್ಕದ ನಾಲ್ಕು ತೆಂಗಿನಮರ ಒಟ್ಟಿಗೆ ಹೊಳೆಗೆ ಇಳಿದವು. ತೆಂಗುಗಳನ್ನು ನೆಟ್ಟವರು ನಾನಿ. ಬೆಳಿಗ್ಗೆ ನಾವು ಹೋದಾಗ ಒಂದು ಮರ ನೀರಿನಲ್ಲಿ ಮಲಗಿ, ಗರಿ ಮಾತ್ರ ಮೇಲೆ ಅಲ್ಲಾಡುತ್ತಿತ್ತು. ಮಾಮು ದಡದಿಂದ ದೂರ ನಿಂತಿದ್ದರು. ನನ್ನನ್ನು ನೋಡಿ, "ಗುಂಡಿ ನಮ್ಮ ಕೆಳಗಿತ್ತಲ್ಲ ಬೇಟಿ?" ಎಂದರು. ಅದು ನನಗೆ ಪ್ರಶ್ನೆಯೇ. ಉತ್ತರ ನನ್ನ ಬಳಿ ಇಪ್ಪತ್ತು ವರ್ಷಗಳಿಂದ ಇತ್ತು.

ಆ ವರ್ಷದ ಮಳೆಯೂ ಜೋರಾಗಿತ್ತು ಎಂದು ಹೇಳಲೇಬೇಕು. ಒಂದು ಗುಂಡಿಯೇ ಎಲ್ಲ ಮಾಡಿತು ಎಂದು ಕೋರ್ಟಿನಲ್ಲಿ ಸಾಧಿಸುವಷ್ಟು ಪುರಾವೆ ನನ್ನಲ್ಲಿಲ್ಲ. ಆದರೆ ತಳದ ಆ ಮೆಟ್ಟಿಲನ್ನು ನಾನೇ ಕಣ್ಣಾರೆ ಕಂಡಿದ್ದೆ, ಅದು ಒಂದೇ ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ ನಡೆದಿತ್ತು ಎಂಬುದನ್ನೂ.

ಒಳಗಿನ ಕೆಲಸ ಹೀಗೆ. ಹೊಳೆಯ ತಳದಲ್ಲಿ ದೊಡ್ಡ ಗುಂಡಿ ತೋಡಿದಿರಿ ಎನ್ನಿ. ಮೇಲಿನಿಂದ ಸಮನಾಗಿ ಬರುತ್ತಿದ್ದ ನೀರಿಗೆ ಗುಂಡಿಯ ಅಂಚಿನಲ್ಲಿ ಇದ್ದಕ್ಕಿದ್ದಂತೆ ಇಳಿಜಾರು ಸಿಗುತ್ತದೆ. ಅಲ್ಲಿ ಅದರ ವೇಗ ಹೆಚ್ಚಿ ಅಂಚಿನ ಮರಳನ್ನು ಕಿತ್ತು ಗುಂಡಿಗೆ ಹಾಕುತ್ತದೆ. ಅಂಚು ಒಂದು ಅಡಿ ಮೇಲಕ್ಕೆ ಸರಿಯುತ್ತದೆ. ಅಲ್ಲೂ ಅದೇ ಇಳಿಜಾರು, ಅದೇ ವೇಗ. ಗುಂಡಿ ತುಂಬುತ್ತಾ ಬಂದಂತೆ ನೋಡುವವರು "ಹೊಳೆ ತಾನೇ ತುಂಬಿಕೊಂಡಿತು" ಎನ್ನುತ್ತಾರೆ. ತುಂಬಿದ್ದು ಮೇಲಿನವರ ತಳದಿಂದ ಎಂಬುದು ಕಾಣುವುದಿಲ್ಲ. ತಳ ಇಳಿದಷ್ಟೂ ದಡದ ಎತ್ತರ ಹೆಚ್ಚುತ್ತದೆ, ಎತ್ತರದ ದಡ ತನ್ನ ಭಾರಕ್ಕೇ ಕುಸಿಯುತ್ತದೆ. ಇಷ್ಟಕ್ಕೇ ನಿಲ್ಲುವುದಿಲ್ಲ. ದೊಡ್ಡ ಹೊಳೆಯ ತಳ ಇಳಿದರೆ ಅದಕ್ಕೆ ಸೇರುವ ಹಳ್ಳದ ಬಾಯಿಯೂ ಎತ್ತರದಲ್ಲಿ ಉಳಿಯುತ್ತದೆ, ಆಗ ಹಳ್ಳವೂ ತನ್ನ ತಳವನ್ನು ಹಿಂದಕ್ಕೆ ಕೊರೆಯತೊಡಗುತ್ತದೆ. ಹಳ್ಳದಿಂದ ಹೊಲದ ಕೊರಕಲಿಗೆ, ಕೊರಕಲಿನಿಂದ ಬದುವಿಗೆ. ಸೂಳೆಕೆರೆಯಿಂದ ಹೊರಟು ಹರಿಹರದಲ್ಲಿ ತುಂಗಭದ್ರೆಯನ್ನು ಸೇರುವ ಹರಿದ್ರಾದಂಥ ಉಪನದಿಗಳಿಗೂ ಇದೇ ನಿಯಮ.

ಹಾಗಾದರೆ ಕೆಳಗಿನವರು ಕ್ಷೇಮವೇ? ಅದೂ ಇಲ್ಲ. ಮೇಲಿನಿಂದ ಬಂದ ಮರಳೆಲ್ಲ ಗುಂಡಿಯಲ್ಲಿ ಉಳಿದರೆ ಮುಂದಕ್ಕೆ ಹೋಗುವ ನೀರು ಖಾಲಿ ಕೈ. ವಿಜ್ಞಾನಿಗಳು ಇದನ್ನು ಹಸಿದ ನೀರು ಎಂದೇ ಕರೆಯುತ್ತಾರೆ. ಅದು ಕೆಳಗಿನ ತಳವನ್ನೂ ದಡವನ್ನೂ ತಿನ್ನುತ್ತದೆ. ಮಾಮು ಹೇಳಿದ್ದು ಅರ್ಧ ಸರಿ, ಅರ್ಧ ತಪ್ಪು.

ನಂಬಿಕೆ ಬಾರದಿದ್ದರೆ ಮಕ್ಕಳನ್ನು ಕೂರಿಸಿಕೊಂಡು ನೀವೇ ಮಾಡಿ ನೋಡಿ. ಒಂದು ಅಗಲದ ತಟ್ಟೆಯಲ್ಲಿ ಒದ್ದೆ ಮರಳು ಹರಡಿ, ಒಂದು ತುದಿಯನ್ನು ಸ್ವಲ್ಪ ಎತ್ತಿಡಿ. ಮೇಲಿನಿಂದ ಚೊಂಬಿನಲ್ಲಿ ಸಣ್ಣಗೆ ನೀರು ಬಿಡಿ. ಹೊಳೆ ಹರಿಯತೊಡಗಿದ ಮೇಲೆ ನಡುವೆ ಚಮಚದಿಂದ ಒಂದು ಗುಂಡಿ ತೋಡಿ. ಕಣ್ಣು ಗುಂಡಿಯ ಮೇಲಿನ ಅಂಚಿನ ಮೇಲಿರಲಿ. ಅದು ನಿಮ್ಮ ಚೊಂಬಿನ ಕಡೆಗೆ ತೆವಳಿಕೊಂಡು ಬರುತ್ತದೆ. ಅಂಚಿನ ಮೇಲ್ಗಡೆ ಬೆಂಕಿಕಡ್ಡಿ ನೆಟ್ಟಿದ್ದರೆ ಅದು ಬೀಳುವುದನ್ನೂ ನೋಡಬಹುದು. ಶಾಲೆಯಲ್ಲಿ ಇದನ್ನು ನಾನು ಮಾಡಿಸತೊಡಗಿದ್ದು 2007ರ ನಂತರ. ಆಮೇಲೆ "ನದಿಯು ಹಿಂದಕ್ಕೆ ಹರಿಯುವುದು" ಎಂದು ಯಾರೂ ಬರೆಯಲಿಲ್ಲ.

ಬೆಂಕಿಕಡ್ಡಿ ಎಂದೆ. ಅದರ ಜಾಗದಲ್ಲಿ ಸೇತುವೆಯ ಕಂಬವನ್ನು ಊಹಿಸಿಕೊಳ್ಳಿ. ಪೋರ್ಚುಗಲ್ ದೇಶದ ದೋರು ನದಿಯ ಮೇಲಿದ್ದ 19ನೇ ಶತಮಾನದ ಸೇತುವೆ 2001ರ ಮಾರ್ಚ್ 4ರ ರಾತ್ರಿ ಕುಸಿಯಿತು. ಒಂದು ಬಸ್ಸು, ಕೆಲವು ಕಾರುಗಳು ನದಿಗೆ ಬಿದ್ದು 59 ಮಂದಿ ತೀರಿಕೊಂಡರು. ವರ್ಷಗಟ್ಟಲೆ ಮರಳು ತೆಗೆದು ನದಿಯ ತಳ ಇಳಿದು ಕಂಬದ ಬುಡ ಬಯಲಾಗಿದ್ದುದನ್ನು ತನಿಖೆ ಎತ್ತಿ ತೋರಿಸಿತು. ನಮ್ಮ ಬಂಟ್ವಾಳ ತಾಲೂಕಿನ ಮುಲ್ಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ 2018ರ ಜೂನ್‌ನಲ್ಲಿ ಕುಸಿದಾಗಲೂ ಊರಿನವರು ಬೆರಳು ತೋರಿಸಿದ್ದು ಮರಳುಗಾರಿಕೆಯ ಕಡೆಗೇ. ದೈವದಯೆ, ಅಲ್ಲಿ ಜೀವಹಾನಿ ಆಗಲಿಲ್ಲ.

ಮನುಷ್ಯರು ಮರಳು ತೆಗೆಯದಿದ್ದರೂ ಹಿಂಗೊರೆತದ ಓಟ ಎಷ್ಟಿರಬಹುದೆಂದು ಜಗತ್ತು ನೋಡಿದ್ದು ದಕ್ಷಿಣ ಅಮೆರಿಕದ ಈಕ್ವೆಡಾರ್‌ನಲ್ಲಿ. ಅಲ್ಲಿನ ಕೋಕಾ ನದಿಯ ಸಾನ್ ರಾಫೆಲ್ ಜಲಪಾತ 2020ರ ಫೆಬ್ರವರಿ 2ರಂದು ಕಾಣೆಯಾಯಿತು. ನದಿ ತನ್ನ ಅಂಚಿನ ಹಿಂದೆಯೇ ನೆಲದಲ್ಲಿ ತೂತು ಮಾಡಿಕೊಂಡು ಇಳಿದುಬಿಟ್ಟಿತು. ಅಂದಿನಿಂದ ಕೊರೆತ ಮೇಲಕ್ಕೆ ಹೊರಟಿತು. ಎರಡು ತಿಂಗಳಲ್ಲಿ ತೈಲದ ಕೊಳವೆಗಳು ಮುರಿದು ಎಣ್ಣೆ ನದಿಪಾಲಾಯಿತು. ಮುಂದಿನ ವರ್ಷಗಳಲ್ಲಿ ರಸ್ತೆ, ಸೇತುವೆ, ಮನೆಗಳು ಹೋದವು. ಹತ್ತು ಕಿಲೋಮೀಟರಿಗೂ ಹೆಚ್ಚು ಮೇಲಕ್ಕೆ ಹತ್ತಿದ ಕೊರೆತ, ಆ ದೇಶದ ಅತಿದೊಡ್ಡ ಜಲವಿದ್ಯುತ್ ಯೋಜನೆಗೆ ನೀರು ತೆಗೆಯುವ ಕಟ್ಟೆಯ ಕಡೆಗೆ ಸಾಗಿತು. 'ಎರೋಸಿಯೋನ್ ರೆಗ್ರೆಸೀವ' ಈಗ ಅಲ್ಲಿನ ಹಳ್ಳಿಯವರಿಗೂ ಗೊತ್ತಿರುವ ಪದ.

ನಮ್ಮ ಕಾನೂನಿಗೂ ಈ ಸಂಗತಿ ಗೊತ್ತು ಎಂದು ನನಗೆ ತಿಳಿದದ್ದು ನಿವೃತ್ತಿಯ ನಂತರ. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಐದು ಹೆಕ್ಟೇರಿಗಿಂತ ಸಣ್ಣ ಜಾಗದಲ್ಲಿ ಮರಳಿನಂಥ ಉಪಖನಿಜ ತೆಗೆಯುವುದಕ್ಕೂ ಪರಿಸರ ಅನುಮತಿ ಬೇಕು ಎಂದಿತು. ಕೇಂದ್ರ ಪರಿಸರ ಸಚಿವಾಲಯ 2016ರಲ್ಲಿ ಮಾರ್ಗಸೂಚಿ ಹೊರಡಿಸಿ, 2020ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಮೂರು ಮೀಟರಿಗಿಂತ ಆಳ ತೋಡಬಾರದು, ದಡದಿಂದ ಹೊಳೆಯ ಅಗಲದ ಕಾಲು ಭಾಗದಷ್ಟು ದೂರ ಬಿಡಬೇಕು ಎಂಬಂಥ ನಿಯಮಗಳು ಅದರಲ್ಲಿವೆ. ನನ್ನ ಕಣ್ಣು ನಿಂತದ್ದು ಬೇರೆ ಸಾಲಿನಲ್ಲಿ. ಸೇತುವೆ, ಕುಡಿಯುವ ನೀರು ಎತ್ತುವ ಸ್ಥಾವರಗಳ ಬಳಿ ಮೇಲ್ಗಡೆಗೆ ಕನಿಷ್ಠ 250 ಮೀಟರ್, ಕೆಳಗಡೆಗೆ ಕನಿಷ್ಠ 500 ಮೀಟರ್ ಮರಳು ಮುಟ್ಟಬಾರದು.

ಇನ್ನೊಮ್ಮೆ ಓದಿ. ಕೆಳಗಡೆಗೆ ಎರಡು ಪಟ್ಟು. ಮಾಮುವಿನ ಲೆಕ್ಕದಲ್ಲಿ ಇದು ತಲೆಕೆಳಗು. ಸೇತುವೆಗೆ ಹೆಚ್ಚಿನ ಭಯ ಇರುವುದು ಕೆಳಗೆ ತೋಡಿದ ಗುಂಡಿಯಿಂದ ಎಂದು ಗೊತ್ತಿದ್ದವರು ಬರೆದ ಸಾಲು ಅದು. ಕಾಗದದ ಮೇಲಿನ ಆ ಸಾಲು ಹೊಳೆಯಲ್ಲಿ ಎಷ್ಟು ಪಾಲನೆಯಾಗುತ್ತದೆ ಎಂದು ನೀವು ಕೇಳಿದರೆ, ರಾತ್ರಿ ಹೊತ್ತು ಹೊಳೆದಂಡೆಯ ಊರುಗಳಲ್ಲಿ ಮಲಗಿದವರನ್ನು ಕೇಳಿ ಎನ್ನುತ್ತೇನೆ. ಟ್ರ್ಯಾಕ್ಟರಿನ ಸದ್ದು ಅವರಿಗೆ ಜೋಗುಳದಷ್ಟು ಪರಿಚಿತ. ಎಂ-ಸ್ಯಾಂಡ್ ಬಂದ ಮೇಲೆ ಕಟ್ಟಡದವರಿಗೆ ಬೇರೆ ದಾರಿ ಸಿಕ್ಕಿದೆ. ಆದರೂ "ಹೊಳೆ ಮರಳೇ ಬೇಕು" ಎನ್ನುವವರ ಮನೆಯೂ ಏಳುತ್ತಲೇ ಇದೆ.

ದಾವಣಗೆರೆಯವರಿಗೆ ಇದು ಹೊರಗಿನ ಸುದ್ದಿಯಲ್ಲ. ನಮ್ಮ ನಲ್ಲಿಗೆ ಬರುವ ನೀರಿನಲ್ಲಿ ದೊಡ್ಡ ಪಾಲು ಹರಿಹರದ ಬಳಿಯ ರಾಜನಹಳ್ಳಿಯಲ್ಲಿ ಹೊಳೆಯಿಂದ ಎತ್ತಿದ್ದು. ಹೊಳೆಯ ತಳ ಇಳಿಯುತ್ತಾ ಹೋದರೆ ಪಂಪಿನ ಬಾಯಿ ಮೇಲೆ ಉಳಿಯುತ್ತದೆ, ನೀರು ಕೆಳಗೆ. ಮರಳು ಬರೀ ಮರಳಲ್ಲ, ಅದು ನೀರನ್ನು ಒಳಗೆ ಹಿಡಿದಿಟ್ಟುಕೊಳ್ಳುವ ಸ್ಪಂಜು. ನಾವು ಚಿಕ್ಕಂದಿನಲ್ಲಿ ಒಂದು ಮೊಳ ತೋಡಿ ಕುಡಿದದ್ದು ಆ ಸ್ಪಂಜಿನ ನೀರನ್ನು. ಮರಳು ಹೋದ ಜಾಗದಲ್ಲಿ ಈಗ ಕಾಣುವುದು ಜೇಡಿ, ಬಂಡೆ, ಅಲ್ಲಲ್ಲಿ ಹಸಿರುಗಟ್ಟಿದ ಮಡು.

ನನ್ನ ಮನೆಯ ಗೋಡೆ ಗಟ್ಟಿಯಾಗಿದೆ. ಇಪ್ಪತ್ತು ವರ್ಷ ಆಯಿತು, ಒಂದು ಬಿರುಕಿಲ್ಲ. ಬಂದವರು ಹೊಗಳುತ್ತಾರೆ, ಎಲ್ಲಿಯ ಮರಳು ಎಂದು ಕೇಳುತ್ತಾರೆ. ಮಾಮುವಿನ ಜಮೀನಿನಲ್ಲಿ ಇಷ್ಟು ವರ್ಷಗಳಲ್ಲಿ ಹೋದದ್ದು ಸುಮಾರು ಹತ್ತು ಗುಂಟೆ. ಪಹಣಿಯಲ್ಲಿ ಅದು ಇನ್ನೂ ಅವರ ಹೆಸರಿನಲ್ಲೇ ಇದೆ. ಕಂದಾಯ ಕಟ್ಟುತ್ತಾರೆ, ನೀರಿಗೆ.

ನಾನು ಅವರಲ್ಲಿ ಮಾಫಿ ಕೇಳಿದ್ದು ಬಹಳ ವರ್ಷಗಳ ಮೇಲೆ. ಪಾಠದ ಚಿತ್ರವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿ, ಇದು ನನಗೆ ಆಗಲೇ ಗೊತ್ತಿತ್ತು ಮಾಮೂ, ಹೇಳಬೇಕೆಂದು ಹೊಳೆಯಲಿಲ್ಲ ಎಂದೆ. ಅವರು ಚಿತ್ರವನ್ನು ತುಂಬ ಹೊತ್ತು ನೋಡಿದರು. ಆಮೇಲೆ, "ನಿನ್ನ ನಾನಿ ಕಟಾವ್ ಅಂತಿದ್ದರು. ನಾವು ಅದನ್ನೇ ಕೊಯ್ಲು ಅಂದುಕೊಂಡೆವು" ಎಂದಷ್ಟೇ ಹೇಳಿ ಕ್ಯಾಲೆಂಡರನ್ನು ಮಡಚಿ ಇಟ್ಟುಕೊಂಡರು.

ಕಳೆದ ಮಳೆಗಾಲದಲ್ಲಿ ಹೋಗಿದ್ದೆ. ಮಾಮುವಿಗೆ ಈಗ ಎಂಬತ್ತು ದಾಟಿದೆ, ಕೋಲಿಲ್ಲದೆ ನಡೆಯಲಾರರು. ಗದ್ದೆಯ ನೀರು ಹೊಳೆಗೆ ಇಳಿಯುವ ಕಡೆ ಹೊಸದೊಂದು ಕೊರಕಲು ಬಿದ್ದು, ಬದುವಿನ ಕಡೆಗೆ ಏರಿ ಬರುತ್ತಿತ್ತು. ಅವರ ಮೊಮ್ಮಗ ಕಲ್ಲು ಹೊತ್ತು ತಂದು ಕೊರಕಲು ಹೊಳೆಗೆ ಸೇರುವ ಜಾಗದಲ್ಲಿ ಸುರಿಯತೊಡಗಿದ್ದ. ಮಾಮು ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಕೋಲನ್ನು ಎತ್ತಿ, ನೀರು ಮೊದಲು ಜಾರುವ ಮೇಲಿನ ಅಂಚನ್ನು ತೋರಿಸಿದರು.

"ಬಾಯಿಗಲ್ಲ ಬೇಟಾ, ಮೊದಲು ತಲೆಗೆ ಹಾಕು."

ಹುಡುಗ ಬುಟ್ಟಿ ಎತ್ತಿಕೊಂಡು ಮೇಲಕ್ಕೆ ಹತ್ತಿದ.